ಅಂತರನ ಬಣ್ಣ

2021ರ ಮಾರ್ಚ್ ತಿಂಗಳಲ್ಲಿ ನಾನು ಅಂತರ ಬಿನ್ ಶದ್ದಾದನ ಚಿತ್ರವೊಂದನ್ನು ಬರೆದೆ. ಇಸ್ಲಾಂ ಪೂರ್ವದ ಅರಬ್ ಕವಿಗಳನ್ನು ಕುರಿತು ನಮ್ಮ ಆನ್‌ಲೈನ್ ಚಿತ್ರಗಾರರ ಗುಂಪು ಹೊರತರಲಿದ್ದ ಸಂಚಿಕೆಯಲ್ಲಿ ನನ್ನ ಪಾಲಿಗೆ ಬಂದ ಪುಟ ಅದು. ಕುದುರೆಯ ಕತ್ತಿನ ಬಾಗು, ಕವಚದ ಬಳೆಗಳು, ಮರಳಿನ ಮೇಲೆ ಬಿದ್ದ ಸಂಜೆಯ ಬೆಳಕು ಇವಕ್ಕೆಲ್ಲ ಹನ್ನೊಂದು ದಿನ ಹಿಡಿದಿತ್ತು. ಕವಿಯ ಮುಖಕ್ಕೆ ಹಿಡಿದದ್ದು ಒಂದು ಮಧ್ಯಾಹ್ನ. ಆ ಮುಖಕ್ಕೆ ನಾನು ಹಚ್ಚಿದ್ದು ಗೋಧಿ ಬಣ್ಣ. ಮೂಗು ನೀಳವಾಗಿತ್ತು, ತುಟಿ ತೆಳುವಾಗಿತ್ತು, ಕೂದಲು ಅಲೆಯಲೆಯಾಗಿ ಭುಜದ ಮೇಲೆ ಇಳಿದಿತ್ತು.

ಅಂತರನ ತಾಯಿ ಝಬೀಬ ಇಥಿಯೋಪಿಯಾ ಮೂಲದ ಗುಲಾಮ ಹೆಣ್ಣು. ಆರನೆಯ ಶತಮಾನದ ಅಬ್ಸ್ ಬುಡಕಟ್ಟಿನವನಾದ ತಂದೆ ಶದ್ದಾದ್ ಅವನನ್ನು ಮಗನೆಂದು ಒಪ್ಪದೆ ಒಂಟೆ ಕಾಯಲು ಬಿಟ್ಟಿದ್ದ. ಶತ್ರುಗಳು ದಾಳಿಯಿಟ್ಟ ದಿನ ತಂದೆ ಯುದ್ಧಕ್ಕೆ ನುಗ್ಗು ಎಂದಾಗ, ಗುಲಾಮನಿಗೆ ಒಂಟೆಯ ಹಾಲು ಕರೆಯುವುದಷ್ಟೇ ಗೊತ್ತು ಎಂದು ಮಗ ಉತ್ತರಿಸಿದನೆಂದೂ, ‘ನುಗ್ಗು, ನೀನು ಸ್ವತಂತ್ರ’ ಎಂದು ತಂದೆಯ ಬಾಯಿಂದ ಬಂದ ಮೇಲೆಯೇ ಕತ್ತಿ ಎತ್ತಿದನೆಂದೂ ಕತೆಯಿದೆ. ಅರಬ್ಬರು ತಮ್ಮ ಕಾವ್ಯದ ಕಿರೀಟವೆಂದು ಎಣಿಸುವ ಮುಅಲ್ಲಕಾತ್ ಎಂಬ ಏಳು ದೀರ್ಘ ಪದ್ಯಗಳಲ್ಲಿ ಒಂದು ಅವನದು. ಅವನಂತೆ ಆಫ್ರಿಕದ ತಾಯಂದಿರಿಗೆ ಹುಟ್ಟಿದ ಹಳೆಯ ಕವಿಗಳನ್ನು ‘ಅರಬ್ಬರ ಕಾಗೆಗಳು’ ಎಂದು ಕರೆಯುವ ವಾಡಿಕೆಯೂ ಆ ಸಾಹಿತ್ಯದಲ್ಲಿದೆ. ಅವನ ಹೆಸರಿನಲ್ಲಿ ಉಳಿದು ಬಂದಿರುವ ಪದ್ಯಗಳಲ್ಲಿ ಅವನ ಕಪ್ಪು ಬಣ್ಣದ ಮಾತು ಮತ್ತೆ ಮತ್ತೆ ಬರುತ್ತದೆ. ಇದಾವುದೂ ನನಗೆ ತಿಳಿಯದ ಸಂಗತಿಯಾಗಿರಲಿಲ್ಲ. ಚಿತ್ರದ ಕೆಳಗಿನ ಟಿಪ್ಪಣಿಯಲ್ಲಿ ಈ ಕತೆಯನ್ನು ನಾನೇ ಬರೆದಿದ್ದೆ. ಟಿಪ್ಪಣಿಯಲ್ಲಿ ಕಪ್ಪಗಿದ್ದ ಕವಿ ಅದರ ಮೇಲಿನ ಚಿತ್ರದಲ್ಲಿ ಕಪ್ಪಗಿರಲಿಲ್ಲ, ಮತ್ತು ಪುಟವನ್ನು ಕಳಿಸುವ ಮುನ್ನ ಎಷ್ಟೋ ಬಾರಿ ನೋಡಿದರೂ ಅದು ನನ್ನ ಕಣ್ಣಿಗೆ ಬೀಳಲಿಲ್ಲ.

ನಾನು ಭಟ್ಕಳದವಳು. ಮನೆಯ ಮಾತು ನವಾಯತಿ, ಶಾಲೆಯಲ್ಲಿ ಕಲಿತದ್ದು ಕನ್ನಡ, ದುಡಿಮೆಯ ಊರು ದುಬೈ. ಗುಂಪಿನಲ್ಲಿ ಅರುವತ್ತಕ್ಕೂ ಹೆಚ್ಚು ಜನರಿದ್ದೆವು. ಈಜಿಪ್ಟ್, ಲೆಬನಾನ್, ಜೋರ್ಡಾನ್, ಇರಾಕ್, ಮೊರಾಕೊ ದೇಶಗಳವರು, ಪ್ಯಾಲೆಸ್ತೀನಿಯರು, ಕೊಲ್ಲಿಯ ಸಣ್ಣ ದೇಶಗಳವರು. ಕಪ್ಪು ವರ್ಣೀಯರು ಐವರು: ಸುಡಾನಿನ ಮೂವರು, ಇರಾಕಿನ ಬಸ್ರಾದ ಒಬ್ಬರು, ಮೊರಾಕೊದ ಒಬ್ಬರು. ನಾಲ್ವರು ಮಾಡರೇಟರ್‌ಗಳಲ್ಲಿ ನಾನೊಬ್ಬಳು, ಮತ್ತು ಆ ನಾಲ್ವರಲ್ಲಿ ಅರಬ್ಬಳಲ್ಲದವಳು ನಾನೊಬ್ಬಳೇ. ಅವರು ನನ್ನನ್ನು ತಮ್ಮವಳೆಂದು ಕೂರಿಸಿಕೊಂಡದ್ದು ನನಗೆ ಬಹಳ ದೊಡ್ಡ ಸಂಗತಿಯಾಗಿತ್ತು. ಮುಂದೆ ನಡೆದದ್ದರಲ್ಲಿ ಈ ಭಾವನೆಯ ಪಾಲು ಸಣ್ಣದಲ್ಲವಾದ್ದರಿಂದ ಇಲ್ಲಿಯೇ ಹೇಳಿಬಿಡುತ್ತೇನೆ.

ಚಿತ್ರ ಹಾಕಿದ ರಾತ್ರಿ ಖಾರ್ಟೂಮಿನ ಚಿತ್ರಗಾರ್ತಿಯೊಬ್ಬರು ಅದರ ಕೆಳಗೆ ಅರಬಿಯಲ್ಲಿ ಎರಡು ಸಾಲು ಬರೆದರು: ‘ಇವನು ಯಾರು? ನಮ್ಮ ಅಂತರನನ್ನು ಎಲ್ಲಿಟ್ಟೆ?’ ಯಾರೋ ನಗುವ ಗುರುತು ಹಾಕಿದರು. ಇನ್ಯಾರೋ, ಕಲಾವಿದೆಗೆ ಸ್ವಾತಂತ್ರ್ಯವಿದೆ ಎಂದರು. ಆಗ ಆಕೆ ಉದ್ದವಾಗಿ ಬರೆದರು. ಹಿಂದಿನ ವರ್ಷದ ರಮದಾನಿಗೆ ನಾನು ಮತ್ತು ಇನ್ನೊಬ್ಬ ಸದಸ್ಯೆ ಸೇರಿ ಮಾಡಿ ಮಾರಿದ್ದ ಇಪ್ಪತ್ನಾಲ್ಕು ಸ್ಟಿಕರ್‌ಗಳ ಗುಚ್ಛವನ್ನು ನೆನಪಿಸಿದರು. ಅದರಲ್ಲಿ ಅಜ್ಜಿಯರು, ಮಕ್ಕಳು, ಸಮೋಸ ಕರಿಯುವ ತಾಯಂದಿರು, ಲಾಟೀನು ಹಿಡಿದ ಹುಡುಗಿಯರು ಇದ್ದರು; ಕಪ್ಪು ಮುಖ ಒಂದೇ ಒಂದು, ದಲ್ಲಾ ಎಂಬ ಕಾಫಿ ಹೂಜಿ ಹಿಡಿದು ಬಾಗಿ ನಿಂತ ಆಳು ಹುಡುಗನದು. ಅವನ ಕಣ್ಣು ಬಿಳಿಯ ಬಿಲ್ಲೆಗಳಂತೆ ದುಂಡಗಿದ್ದವು, ತುಟಿ ಕೆಂಪಗೆ ಊದಿದ್ದವು. ಬಡಿಸಲು ನಿಂತಾಗ ನಮಗೆ ಕಪ್ಪು ಬಣ್ಣ ಸಿಗುತ್ತದೆ, ಕವಿಯಾಗಿ ಕುದುರೆ ಏರಿದಾಗ ಅದೇ ಬಣ್ಣ ಕಾಣೆಯಾಗುತ್ತದೆ, ಇದಕ್ಕೆ ಕಾರಣ ಹೇಳಿ ಎಂದು ಆಕೆ ಕೇಳಿದ್ದರು.

ನಾನು ಕಾರಣ ಹೇಳಲಿಲ್ಲ. ಮಾಡರೇಟರಿನ ಅಧಿಕಾರ ಬಳಸಿ ಆ ಬರಹವನ್ನು ಅಳಿಸಿದೆ. ಆಕೆಯನ್ನು ಇಪ್ಪತ್ನಾಲ್ಕು ಗಂಟೆ ಮ್ಯೂಟ್ ಮಾಡಿದೆ. ಆಮೇಲೆ ಖಾಸಗಿಯಾಗಿ ಬರೆದೆ: ‘ಉಖ್ತಿ, ನಿಮ್ಮ ಮಾತಿನಲ್ಲಿ ಸತ್ಯವಿರಬಹುದು, ಆದರೆ ಹೇಳಿದ ರೀತಿಯಿಂದ ಗುಂಪಿನ ವಾತಾವರಣ ಕೆಡುತ್ತದೆ, ನನಗೆ ನೇರವಾಗಿ ಹೇಳಬಹುದಿತ್ತು.’ ಉಖ್ತಿ ಎಂದರೆ ನನ್ನ ಸಹೋದರಿ. ಅವರ ಉತ್ತರ ಒಂದೇ ಸಾಲಿನದು: ‘ಸತ್ಯವಿರಬಹುದು ಅನ್ನಿಸಿದ ಮೇಲೆ ಅಳಿಸಿದ್ದೇಕೆ?’

ಮರುದಿನ ಅವರು ಗುಂಪು ಬಿಟ್ಟರು. ವಾರದೊಳಗೆ ಸುಡಾನಿನ ಇನ್ನಿಬ್ಬರೂ ಬಿಟ್ಟರು. ಅವರಲ್ಲೊಬ್ಬರು ನಡೆದುದನ್ನೆಲ್ಲ, ನನ್ನ ಸಂದೇಶದ ಚಿತ್ರವನ್ನೂ ಸೇರಿಸಿ, ತಮ್ಮ ಪುಟದಲ್ಲಿ ಬರೆದರು. ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

ಆಗ ನಾನು ಬರೆದ ಮೊದಲ ಕ್ಷಮಾಪಣೆ ನನ್ನ ಹತ್ತಿರ ಇನ್ನೂ ಇದೆ. ‘ಯಾರಿಗಾದರೂ ನೋವಾಗಿದ್ದರೆ’ ಎಂದು ಅದು ತೊಡಗುತ್ತದೆ. ನೋವಾದದ್ದು ಯಾರಿಗೆಂದು ಹೆಸರು ಸಮೇತ ಗೊತ್ತಿದ್ದೂ ಹಾಗೆ ಬರೆದೆ. ಎರಡನೆಯ ಪ್ಯಾರಾದಲ್ಲಿ ನಾನೂ ಕಂದು ಬಣ್ಣದವಳೆಂದೂ, ಈ ಊರಿನಲ್ಲಿ ಭಾರತೀಯಳಾಗಿ ಕೀಳಾಗಿ ಕಾಣಿಸಿಕೊಂಡ ದಿನಗಳಿವೆಯೆಂದೂ ಇದೆ. ಅದು ನಿಜ. ಆದರೆ ಆ ನಿಜವನ್ನು ಆ ಜಾಗದಲ್ಲಿ ಇಟ್ಟದ್ದು ಗುರಾಣಿಯ ಹಾಗೆ. ಕೊನೆಗೆ ನನ್ನ ಉದ್ದೇಶ ಶುದ್ಧವಾಗಿತ್ತು ಎಂಬ ಮಾತು. ಅದರ ಕೆಳಗೆ ಹೃದಯದ ಗುರುತುಗಳು ಸಾಲುಗಟ್ಟಿದವು. ನೀನು ಎಷ್ಟು ಒಳ್ಳೆಯವಳೆಂದು ನಮಗೆ ಗೊತ್ತು, ಹೆಚ್ಚು ತಲೆ ಕೆಡಿಸಿಕೊಳ್ಳಬೇಡ ಎಂದು ಹತ್ತಾರು ಜನ ಬರೆದರು. ನಾನು ಒಬ್ಬೊಬ್ಬರಿಗೂ ಧನ್ಯವಾದ ಹೇಳಿದೆ. ಬಸ್ರಾದ ಚಿತ್ರಗಾರರು ಮಾತ್ರ ಹೀಗೆ ಬರೆದರು: ‘ನೀವು ಕ್ಷಮೆ ಬೇಡಿದ್ದು ಅವರಲ್ಲಿ ಅಲ್ಲ. ಉಳಿದವರಲ್ಲಿ ಸಮಾಧಾನ ಬೇಡಿದ್ದೀರಿ, ಅದು ನಿಮಗೆ ಸಿಕ್ಕಿದೆ.’

ಆ ಸಾಲನ್ನು ಓದಿದಾಗ ಮೊದಲು ಬಂದದ್ದು ಸಿಟ್ಟು. ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಮೂರನೆಯ ದಿನ ಸ್ಟಿಕರಿನ ಕಡತವನ್ನು ತೆರೆದು ಆ ಆಳು ಹುಡುಗನನ್ನು ಪರದೆಯ ತುಂಬ ದೊಡ್ಡದು ಮಾಡಿ ನೋಡಿದೆ. ಉಳಿದ ಇಪ್ಪತ್ಮೂರು ಮುಖಗಳಿಗೂ ಒಂದೊಂದು ವ್ಯಕ್ತಿತ್ವವಿತ್ತು. ಒಬ್ಬಳು ನನ್ನ ಚಿಕ್ಕಮ್ಮನನ್ನು ಹೋಲುತ್ತಿದ್ದಳು, ಇನ್ನೊಬ್ಬ ನಮ್ಮ ಬೀದಿಯ ಅಂಗಡಿಯವನನ್ನು. ಇವನು ಯಾರನ್ನೂ ಹೋಲುತ್ತಿರಲಿಲ್ಲ. ಇವನನ್ನು ನಾನು ಯಾವ ಮನುಷ್ಯನನ್ನೂ ನೋಡಿ ಬರೆದಿರಲಿಲ್ಲ, ಇತರರು ಬರೆದ ಇಂಥ ಚಿತ್ರಗಳನ್ನು ನೋಡಿ ಬರೆದಿದ್ದೆ.

ಗುಂಪಿನಲ್ಲಿ ಆ ದಿನಗಳಲ್ಲಿ ಎರಡು ವಾದಗಳು ಓಡಾಡುತ್ತಿದ್ದವು. ಒಂದನೆಯದು, ಇದೆಲ್ಲ ಅಮೆರಿಕದ ಜಗಳ, 2020ರ ಮೇ ತಿಂಗಳಲ್ಲಿ ಅಲ್ಲಿನ ಪೊಲೀಸರ ಕೈಯಲ್ಲಿ ಕಪ್ಪು ವರ್ಣೀಯರಾದ ಜಾರ್ಜ್ ಫ್ಲಾಯ್ಡ್ ಅವರ ಕೊಲೆಯಾದ ಮೇಲೆ ಎಲ್ಲರಿಗೂ ಅಂಟಿಕೊಂಡ ಭಾಷೆ, ನಮ್ಮಲ್ಲಿ ಇಂಥದ್ದು ಇರಲೇ ಇಲ್ಲ ಎಂಬುದು. ಎರಡನೆಯದು ಬಿಲಾಲರ ಹೆಸರು. ಇಸ್ಲಾಮಿನ ಮೊದಲ ಮುಅಝ್ಝಿನ್, ಎಂದರೆ ನಮಾಜಿಗೆ ಕರೆ ಕೊಡುವವರು, ಆದ ಬಿಲಾಲರು ಕಪ್ಪು ವರ್ಣೀಯರಾಗಿದ್ದರು, ಬಿಳಿಯನಿಗೆ ಕರಿಯನ ಮೇಲೆ ಯಾವ ಹಿರಿಮೆಯೂ ಇಲ್ಲವೆಂದು ಪ್ರವಾದಿಯವರು ತಮ್ಮ ಕೊನೆಯ ಹಜ್ ಪ್ರವಚನದಲ್ಲಿ ಹೇಳಿದ್ದಾರೆ, ಆದ್ದರಿಂದ ನಮ್ಮಲ್ಲಿ ವರ್ಣಭೇದ ಇರಲು ಸಾಧ್ಯವಿಲ್ಲ ಎಂಬ ತರ್ಕ. ಇದನ್ನು ನಾನೂ ಬಾಲ್ಯದಿಂದ ಹೇಳಿಕೊಂಡು ಬಂದವಳೇ. ಆದರೆ ಇಂಥ ಮಾತನ್ನು ಹೇಳಬೇಕಾಗಿ ಬಂದದ್ದೇ ಆ ಭೇದ ಅಲ್ಲಿ ಇದ್ದುದರಿಂದ ಎಂಬುದು ನನಗೆ ಆಗ ಮೊದಲ ಬಾರಿಗೆ ಹೊಳೆಯಿತು. ಅಬೂದರ್ ಎಂಬ ಸಹಾಬಿ, ಎಂದರೆ ಪ್ರವಾದಿಯವರ ಸಂಗಾತಿ, ಒಬ್ಬ ಮನುಷ್ಯನನ್ನು ಅವನ ತಾಯಿಯನ್ನೆತ್ತಿ ಹಳಿದಾಗ, ‘ನಿನ್ನಲ್ಲಿ ಇನ್ನೂ ಅಜ್ಞಾನಕಾಲ ಉಳಿದಿದೆ’ ಎಂದು ಪ್ರವಾದಿಯವರು ಅವರಿಗೆ ಹೇಳಿದ ಪ್ರಸಂಗ ಮದರಸದಲ್ಲಿ ಕಲಿತದ್ದು ನೆನಪಿತ್ತು. ಹಳಿಸಿಕೊಂಡವರು ಬಿಲಾಲರೆಂದೂ, ಅಬೂದರ್ ನೆಲಕ್ಕೆ ಕೆನ್ನೆಯಿಟ್ಟು ‘ಇದರ ಮೇಲೆ ಕಾಲಿಡು’ ಎಂದು ಬೇಡಿಕೊಂಡರೆಂದೂ ಉಸ್ತಾದರು ಕಣ್ಣು ತುಂಬಿಕೊಂಡು ಹೇಳುತ್ತಿದ್ದರು. ನಾವು ಮಕ್ಕಳು ಅಳುತ್ತಿದ್ದುದೂ ಅಬೂದರರ ಕೆನ್ನೆಗಾಗಿಯೇ; ‘ಕರಿಯವಳ ಮಗನೇ’ ಎಂದು ಕೇಳಿಸಿಕೊಂಡವರ ಕಿವಿಗೆ ಹೇಗಿತ್ತೆಂದು ಯಾರೂ ಕೇಳಲಿಲ್ಲ. ನನ್ನ ಮೊದಲ ಕ್ಷಮಾಪಣೆಯೂ ಅದೇ ಜಾಡಿನದು, ನನ್ನ ಕೆನ್ನೆಯನ್ನು ಎಲ್ಲರಿಗೂ ತೋರಿಸುವಂಥದ್ದು.

ಅಮೆರಿಕದಿಂದ ಬಂದದ್ದೆಂಬ ವಾದಕ್ಕೆ ಉತ್ತರ ಹುಡುಕುತ್ತ ತಿಂಗಳುಗಟ್ಟಲೆ ಓದಿದೆ. ಅರಬಿಯಲ್ಲಿ ‘ಅಬ್ದ್’ ಎಂದರೆ ಗುಲಾಮ. ಅದರ ಬಹುವಚನ ‘ಅಬೀದ್’ ಇಂದಿಗೂ ಕಪ್ಪು ಜನರನ್ನು ಕರೆಯುವ ಬೈಗುಳವಾಗಿ ಕೈರೊದಿಂದ ಬಾಗ್ದಾದಿನವರೆಗೆ ಬಳಕೆಯಲ್ಲಿದೆ. ಅಮೆರಿಕ ಎಂಬ ದೇಶ ಹುಟ್ಟುವುದಕ್ಕೆ ಒಂಬೈನೂರು ವರ್ಷ ಮೊದಲು, 869ರಿಂದ 883ರವರೆಗೆ, ಬಸ್ರಾದ ಜೌಗು ನೆಲದಲ್ಲಿ ಉಪ್ಪು ಕೆರೆಯುವ ಕೆಲಸಕ್ಕೆ ಹಚ್ಚಿದ್ದ ಪೂರ್ವ ಆಫ್ರಿಕದ ಗುಲಾಮರು ಬಂಡೆದ್ದು ಅಬ್ಬಾಸಿ ಖಲೀಫರ ಸೈನ್ಯಕ್ಕೆ ಹದಿನಾಲ್ಕು ವರ್ಷ ಎದುರು ನಿಂತಿದ್ದರು. ಜಂಜ್ ದಂಗೆ ಎಂದು ಇತಿಹಾಸದಲ್ಲಿ ಅದರ ಹೆಸರು. ಬಸ್ರಾದ ನಮ್ಮ ಗೆಳೆಯರಿಗೆ ಅದು ಪುಸ್ತಕದ ಅಧ್ಯಾಯವಲ್ಲ. ಅವರದೇ ಊರಿನಲ್ಲಿ, ಕಪ್ಪು ಇರಾಕಿಗಳ ಹಕ್ಕಿಗಾಗಿ ಚಳವಳಿ ಕಟ್ಟಿದ್ದ ಜಲಾಲ್ ದಿಯಾಬ್ ಅವರನ್ನು 2013ರ ಏಪ್ರಿಲ್‌ನಲ್ಲಿ ಗುಂಡಿಟ್ಟು ಕೊಂದರು.

ಗುಲಾಮಗಿರಿ ಕಾನೂನಿನಿಂದ ಹೋದದ್ದು ಕತಾರಿನಲ್ಲಿ 1952ಕ್ಕೆ, ಸೌದಿ ಅರೇಬಿಯಾದಲ್ಲಿ 1962ಕ್ಕೆ, ಓಮನ್‌ನಲ್ಲಿ 1970ಕ್ಕೆ, ಮಾರಿಟೇನಿಯಾದಲ್ಲಿ 1981ಕ್ಕೆ. ನನ್ನ ತಂದೆ ಮಸ್ಕತ್ತಿಗೆ ದುಡಿಯಲು ಹೋದದ್ದು 1976ರಲ್ಲಿ. ಆ ಊರಿನ ಬೀದಿಯಲ್ಲಿ ಅವರ ಎದುರು ನಡೆದು ಬಂದವರಲ್ಲಿ ಆರು ವರ್ಷದ ಹಿಂದಷ್ಟೇ ಗುಲಾಮರಾಗಿದ್ದವರೂ ಇದ್ದಿರಬೇಕು. ನಾನು ದಿನವೂ ಕೆಲಸಕ್ಕೆ ಹೋಗುವ ಕೊಲ್ಲಿಯ ತೀರದಲ್ಲಿ ಹಿಂದೆ ಮುತ್ತಿಗಾಗಿ ಮುಳುಗುತ್ತಿದ್ದವರಲ್ಲಿ, ಖರ್ಜೂರದ ತೋಟಗಳಲ್ಲಿ ದುಡಿಯುತ್ತಿದ್ದವರಲ್ಲಿ ಆಫ್ರಿಕದಿಂದ ಕದ್ದು ತಂದವರು ಬಹಳ ಮಂದಿ. ಆ ಮುತ್ತುಗಳ ದೊಡ್ಡ ಪೇಟೆ ಬೊಂಬಾಯಿಯಲ್ಲಿತ್ತು. ಇದು ಅರಬ್ಬರ ವಿಷಯ, ನಾನು ನಡುವೆ ನಿಂತ ಭಾರತೀಯಳು ಎಂದು ಪಕ್ಕಕ್ಕೆ ಸರಿಯುವುದಕ್ಕೂ ಅಲ್ಲಿಗೆ ದಾರಿ ಮುಚ್ಚಿತು.

ಚಿತ್ರಗಾರ್ತಿಯಾಗಿ ನನ್ನನ್ನು ಬಹಳ ಕಾಲ ಹಿಡಿದು ನಿಲ್ಲಿಸಿದ್ದು ಒಂದು ಹಳೆಯ ಚಿತ್ರ. 1237ರಲ್ಲಿ ಅಲ್-ವಾಸಿತಿ ಎಂಬ ಕಲಾವಿದ ಹರೀರಿಯ ‘ಮಕಾಮಾತ್’ ಎಂಬ ಅರಬಿ ಕಥಾಕೃತಿಗೆ ಬರೆದ ಚಿತ್ರಗಳ ಹಸ್ತಪ್ರತಿ ಈಗ ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ನಮ್ಮ ಗುಂಪಿನವರೆಲ್ಲ ಅವನನ್ನು ಗುರುವಿನಂತೆ ಕಾಣುತ್ತಿದ್ದೆವು. ಅವನ ಒಂಟೆಗಳ ಸಾಲನ್ನು ನಕಲು ಮಾಡದೆ ಕೈ ಪಳಗಿಸಿಕೊಂಡವರೇ ನಮ್ಮಲ್ಲಿ ಇರಲಿಲ್ಲ. ಅದೇ ಹಸ್ತಪ್ರತಿಯಲ್ಲಿ ಯೆಮೆನ್‌ನ ಝಬೀದ್ ಪಟ್ಟಣದ ಗುಲಾಮರ ಸಂತೆಯ ಚಿತ್ರವೂ ಇದೆ. ಮೇಲೆ ತಕ್ಕಡಿ ಹಿಡಿದು ವ್ಯವಹಾರ, ಕೆಳಗೆ ಮಾರಾಟಕ್ಕೆ ಕುಳಿತ ಕಪ್ಪು ಜನ. ಆ ಹಾಳೆಯನ್ನು ನಾನು ಹಿಂದೆಯೂ ನೋಡಿದ್ದೆ, ಬಟ್ಟೆಯ ಮಡಿಕೆಗಳನ್ನು ಹೇಗೆ ಬರೆದಿದ್ದಾನೆಂದು ತಿಳಿಯಲು.

ಹೊಣೆ ಹೊರುವ ಕೆಲಸ ಶುರುವಾದದ್ದು 2021ರ ಜೂನ್ ಹೊತ್ತಿಗೆ, ಅದೂ ತಪ್ಪು ಹೆಜ್ಜೆಯೊಂದರಿಂದ. ಬಸ್ರಾದ ಗೆಳೆಯರನ್ನು ನಾವು ಒಂದು ಸಂಜೆ ಎಲ್ಲರಿಗೂ ವರ್ಣಭೇದದ ಬಗ್ಗೆ ತಿಳಿಸಿಕೊಡಿ ಎಂದು ಕೇಳಿದೆವು. ಅವರು ಒಪ್ಪಲಿಲ್ಲ. ತಮ್ಮ ಗಾಯವನ್ನು ಪಾಠ ಮಾಡಿ ಪುಕ್ಕಟೆ ಹಂಚುವುದು ತಮ್ಮ ಕೆಲಸವಲ್ಲವೆಂದೂ, ಗುಂಪು ನಿಜವಾಗಿ ಬದಲಾಗಬೇಕೆಂದಿದ್ದರೆ ಇಂಥ ತಕರಾರುಗಳನ್ನು ನಡೆಸಿಕೊಟ್ಟು ಅನುಭವವಿರುವ ಹೊರಗಿನವರೊಬ್ಬರನ್ನು ಹಣ ಕೊಟ್ಟು ಕರೆಯಬೇಕೆಂದೂ ಹೇಳಿದರು. ಸಂಚಿಕೆಗೆ ಕೂಡಿಸಿದ್ದ ಹಣದಲ್ಲಿ ಹಾಗೆಯೇ ಮಾಡಿದೆವು. ಬಂದ ಮಹಿಳೆ ಮೊದಲ ಭೇಟಿಯಲ್ಲಿಯೇ ನನಗೂ ಸ್ಟಿಕರಿನ ಜೊತೆಗಾತಿಗೂ ನಾಲ್ಕು ಪ್ರಶ್ನೆ ಕೊಟ್ಟು, ಬರಹದಲ್ಲಿ ಉತ್ತರಿಸಲು ಎರಡು ವಾರ ಕೊಟ್ಟರು. ಏನು ಮಾಡಿದಿರಿ. ಅದು ಯಾರ ಮೇಲೆ ಬಿತ್ತು. ಅದರಿಂದ ನಿಮಗೆ ದಕ್ಕಿದ್ದೇನು. ಅದರಲ್ಲಿ ಹಿಂದಿರುಗಿಸಬಹುದಾದದ್ದು ಯಾವುದು. ಭಾವನೆಗಳನ್ನು ಬರೆಯಬೇಡಿ, ನಡೆದದ್ದನ್ನು ಬರೆಯಿರಿ ಎಂದಿದ್ದರು. ‘ಅನಿಸಿತು’ ಎಂಬ ಶಬ್ದ ಬಂದಲ್ಲೆಲ್ಲ ಗೆರೆ ಎಳೆದು ಹಿಂದಿರುಗಿಸುತ್ತಿದ್ದರು. ನನ್ನ ಮೊದಲ ಕರಡಿನಲ್ಲಿ ಅಂಥ ಗೆರೆಗಳು ಹತ್ತೊಂಬತ್ತು.

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣವಾಗಿತ್ತು. ತಪ್ಪು ಮಾಡಿದವರಿಗೆ ಲಾಭವೂ ಆಗಿರುತ್ತದೆ ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ. ಕೂತು ಲೆಕ್ಕ ಹಾಕಿದೆ. ಸ್ಟಿಕರುಗಳಿಂದ ನನ್ನ ಪಾಲಿಗೆ ಬಂದದ್ದು 640 ದಿರ್ಹಂ. ಅಂತರನ ಚಿತ್ರವನ್ನು ನೋಡಿ ಒಂದು ಕಾಫಿ ಅಂಗಡಿಯವರು ಗೋಡೆಚಿತ್ರದ ಕೆಲಸ ಕೊಟ್ಟಿದ್ದರು, ಅದರ ಮುಂಗಡ ನನ್ನ ಕೈ ಸೇರಿತ್ತು. ಇವು ಹಣದ ಲಾಭಗಳು. ಹಣದಲ್ಲಿ ಎಣಿಸಲಾಗದ್ದು ಇನ್ನೊಂದಿತ್ತು. ಆ ಸುಡಾನಿ ಕಲಾವಿದೆಯನ್ನು ಮ್ಯೂಟ್ ಮಾಡಿದ ರಾತ್ರಿ ಉಳಿದ ಮೂವರು ಮಾಡರೇಟರ್‌ಗಳು ನನ್ನನ್ನು ಹೊಗಳಿದ್ದರು. ‘ನೀನು ನಮ್ಮವಳೇ’ ಎಂದು ಒಬ್ಬರು ಬರೆದಿದ್ದರು. ಕಪ್ಪು ಹೆಣ್ಣೊಬ್ಬಳನ್ನು ಹೊರಗೆ ನಿಲ್ಲಿಸಿದ್ದರಿಂದ ನಾನು ಒಳಗಿನವಳಾಗಿದ್ದೆ. ಅದನ್ನು ಹಾಗೆಯೇ ಬರೆದು ಕೊಟ್ಟೆ.

ಜೊತೆಗೆ ನಾನಾಗಿಯೇ ಇನ್ನೊಂದು ಕೆಲಸ ಮಾಡಿದೆ. 2015ರಿಂದ ಆ ದಿನದವರೆಗೆ ಬರೆದ ಚಿತ್ರಗಳನ್ನೆಲ್ಲ ತೆರೆದು, ಮನುಷ್ಯಾಕೃತಿಗಳನ್ನು ಒಂದೊಂದಾಗಿ ಎಣಿಸಿ ಗುರುತು ಹಾಕಿಕೊಂಡೆ. ಒಟ್ಟು 318. ಕಪ್ಪು ವರ್ಣೀಯರು 11. ಆ ಹನ್ನೊಂದರಲ್ಲಿ ಏಳು ಮಂದಿ ಆಳುಗಳು, ಕಾವಲುಗಾರರು ಅಥವಾ ಹಿಂದೆ ಮುಖ ಮರೆಯಾಗಿ ನಿಂತವರು. ಇಬ್ಬರು ವಾದ್ಯಗಾರರು. ಒಬ್ಬಳು ಒಂದು ಜನಪ್ರಿಯ ಕಾರ್ಟೂನಿನ ಪಾತ್ರ, ಅವಳ ಮೈಬಣ್ಣವನ್ನು ಮೂಲಕ್ಕಿಂತ ಮೂರು ಹದ ತಿಳಿಗೊಳಿಸಿದ್ದೆ. ಹನ್ನೊಂದನೆಯವಳು ಮಾರುಕಟ್ಟೆಯಲ್ಲಿ ನಗುತ್ತಿರುವ ಹುಡುಗಿ. ಅವಳೊಬ್ಬಳನ್ನು ಮಾತ್ರ ನಾನು ಇಂದಿಗೂ ನಾಚಿಕೆಯಿಲ್ಲದೆ ನೋಡಬಲ್ಲೆ. ಅಂತರ ಈ ಎಣಿಕೆಯಲ್ಲಿ ಸೇರಲಿಲ್ಲ, ಏಕೆಂದರೆ ನಾನು ಅವನನ್ನು ಕಪ್ಪಾಗಿ ಬರೆದೇ ಇರಲಿಲ್ಲ.

ಎರಡನೆಯ ಕ್ಷಮಾಪಣೆ ನಾಲ್ಕು ತಿಂಗಳ ನಂತರ ಸಿದ್ಧವಾಯಿತು. ಅದರಲ್ಲಿ ಅಳಿಸಿದ ಬರಹ, ಮ್ಯೂಟ್ ಮಾಡಿದ ಸಮಯ, ಕಳಿಸಿದ ಸಂದೇಶ, ಬಂದ ಹಣ, ಅದನ್ನು ಎಲ್ಲಿಗೆ ಕೊಟ್ಟೆ, ಗೋಡೆಚಿತ್ರದ ಕೆಲಸ ಬಿಟ್ಟದ್ದು, ಸ್ಟಿಕರ್ ಹಿಂದೆಗೆದುಕೊಂಡು ಕೊಂಡವರಿಗೆ ಹಣ ಮರಳಿಸಿದ್ದು, ಮಾಡರೇಟರ್ ಸ್ಥಾನದಿಂದ ಇಳಿದದ್ದು ಇಷ್ಟೇ ಇದ್ದವು. ಪ್ರಕಟಿಸುವ ಮುನ್ನ ಮಧ್ಯಸ್ಥಗಾರ್ತಿಯ ಮೂಲಕ ಆ ಸುಡಾನಿ ಕಲಾವಿದೆಗೆ, ಒಮ್ಮೆ ಓದಿ ನೋಡುವಿರಾ ಎಂದು ಕೇಳಿಸಿದೆವು. ಸರಿಯಿದೆಯೋ ಇಲ್ಲವೋ ಎಂದು ನೋಡುವ ಕೆಲಸವನ್ನೂ ನನ್ನ ಮೇಲೆ ಹಾಕಬೇಡಿ ಎಂದು ಉತ್ತರ ಬಂತು. ಅಳಿಸಿದ ತಮ್ಮ ಬರಹವನ್ನು ಅದೇ ಜಾಗದಲ್ಲಿ ಮರಳಿ ಹಾಕಿ ಎಂಬುದೊಂದೇ ಅವರ ಬೇಡಿಕೆ. ಅದರ ಪ್ರತಿ ಅವರ ಬಳಿ ಇತ್ತು. ಹಾಕಿದೆವು. ಆ ಕ್ಷಮಾಪಣೆಯ ಕೆಳಗೆ ಯಾರೂ ಪ್ರತಿಕ್ರಿಯೆ ಬರೆಯಲು ಆಗದಂತೆ ಮಾಡಿದ್ದೆವು. ಸಮಾಧಾನದ ಹೃದಯಗಳು ಮತ್ತೆ ಸಾಲುಗಟ್ಟುವುದು ಬೇಡವಾಗಿತ್ತು.

ಎಲ್ಲರೂ ಇದನ್ನು ಒಪ್ಪಿದರೆಂದು ತಿಳಿಯಬಾರದು. ಹದಿನಾರು ಜನ ಗುಂಪು ಬಿಟ್ಟರು. ಸ್ಟಿಕರಿನ ಜೊತೆಗಾತಿ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡದೆ ಹೋದರು, ಈಗ ನನ್ನೊಡನೆ ಮಾತಿಲ್ಲ. ಧ್ವನಿ ಸಂಭಾಷಣೆಯಲ್ಲಿ ಅಬೀದ್ ಎಂಬ ಪದವನ್ನು ನಗುತ್ತ ಬಳಸುವವರೊಬ್ಬರಿದ್ದರು. ಅವರನ್ನು ತಡೆದಾಗ, ನಮ್ಮ ಊರಿನಲ್ಲಿ ಅದು ಪ್ರೀತಿಯ ಮಾತು ಎಂದರು. ಮೊರಾಕೊದ ಕಪ್ಪು ಸದಸ್ಯರು ಆ ದಿನ ಮೊದಲ ಬಾರಿಗೆ ಬಾಯಿ ತೆರೆದು, ಎರಡು ವರ್ಷದಿಂದ ಆ ಪ್ರೀತಿಯನ್ನು ಮೌನವಾಗಿ ಕೇಳಿಸಿಕೊಂಡಿದ್ದೇನೆ ಎಂದರು. ಎರಡು ವರ್ಷವೂ ನಾನು ಅಲ್ಲಿಯೇ ಇದ್ದೆ.

ಆ ವರ್ಷದ ಡಿಸೆಂಬರಿನಲ್ಲಿ ಭಟ್ಕಳಕ್ಕೆ ಹೋದೆ. ನವಾಯತರಾದ ನಾವು ಅರಬಸ್ತಾನದಿಂದ ಬಂದ ವ್ಯಾಪಾರಿಗಳ ಸಂತತಿಯೆಂಬುದು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ಹೇಳಿಕೊಂಡು ಬಂದ ಮಾತು. ನನ್ನನ್ನು ಆ ಗುಂಪಿಗೆ ಸೆಳೆದದ್ದೂ, ಅಲ್ಲಿ ಒಳಗಿನವಳಾಗಬೇಕೆಂಬ ಆಸೆಯನ್ನು ಹುಟ್ಟಿಸಿದ್ದೂ ಆ ಮಾತೇ. ನಮ್ಮ ಮನೆಯ ಅಟ್ಟದ ಮೇಲೆ ಹಳೆಯ ಕೌದಿಯೊಂದಿತ್ತು. ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಸಣ್ಣ ಸಣ್ಣ ಹೊಲಿಗೆ ಹಾಕಿ, ನಾಲ್ಕು ಮೂಲೆಗೂ ಬಟ್ಟೆಯ ಹೂ ಮಡಿಸಿಟ್ಟದ್ದು. ಬಾಲ್ಯದ ಚಳಿಗಾಲಗಳೆಲ್ಲ ಅದರಡಿ ಕಳೆದಿವೆ. ಯಾರು ಹೊಲಿದದ್ದೆಂದು ತಾಯಿಯನ್ನು ಕೇಳಿದೆ. ‘ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸು, ನಿನ್ನ ಅಜ್ಜಿ ಹಳೆ ಸೀರೆ ಕೊಟ್ಟು ಹೊಲಿಸಿದ್ದು’ ಎಂದರು. ಹೆಸರೇನು ಎಂದೆ. ತಾಯಿಗೆ ಗೊತ್ತಿರಲಿಲ್ಲ. ‘ಸಿದ್ದಿ ಅಂತಲೇ ಕರೆಯುತ್ತಿದ್ದೆವು’ ಎಂದರು.

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾದ ಕಾಡುಗಳಲ್ಲಿರುವ ಸಿದ್ದಿಗಳ ಪೂರ್ವಿಕರನ್ನು ಆಫ್ರಿಕದಿಂದ ಈ ತೀರಕ್ಕೆ ತಂದವರಲ್ಲಿ ಪೋರ್ಚುಗೀಸರೂ ಇದ್ದರು, ಅರಬ್ ವ್ಯಾಪಾರಿಗಳೂ ಇದ್ದರು. ಗೋವೆಯ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು ಘಟ್ಟದ ಕಾಡು ಸೇರಿದರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ನಮ್ಮದೂ ಅದೇ ಜಿಲ್ಲೆ, ನಮ್ಮನ್ನು ತಂದದ್ದೂ ಅದೇ ಕಡಲು. ನಾವು ಹಾಯಿಹಡಗಿನ ಮೇಲಿನ ಕಟ್ಟೆಯ ಕತೆಯನ್ನು ಮಾತ್ರ ಮಕ್ಕಳಿಗೆ ಹೇಳಿಕೊಂಡು ಬಂದಿದ್ದೇವೆ, ಅದರ ಹೊಟ್ಟೆಯೊಳಗೆ ಯಾರಿದ್ದರೆಂದು ಕೇಳಿದವರಿಲ್ಲ. ಅರಬ್ ಗೆಳೆಯರೊಡನೆ ಬಿಲಾಲರ ಹೆಸರು ಹೇಳಿ ನಾನು ಕಟ್ಟುತ್ತಿದ್ದ ವಾದ ನಮ್ಮ ಮನೆಯ ಅಟ್ಟದಲ್ಲಿಯೇ ಮುರಿದು ಬಿದ್ದಿತ್ತು. ಕೌದಿಯನ್ನು ದುಬೈಗೆ ತಂದಿದ್ದೇನೆ. ಹೊಲಿದವರ ಹೆಸರನ್ನು ತಿಳಿಯಲು ಎರಡು ಬಾರಿ ಪ್ರಯತ್ನಿಸಿದೆ, ಸಿಕ್ಕಿಲ್ಲ.

ಇನ್ನು ಕೈಯ ವಿಷಯ. ಕಪ್ಪು ಮುಖ ಬರೆಯಲು ನನಗೆ ಬರುತ್ತಿರಲಿಲ್ಲ, ಮತ್ತು ಬರುವುದಿಲ್ಲವೆಂಬುದನ್ನು ಮುಚ್ಚಿಕೊಳ್ಳಲು ಒಂದೋ ವ್ಯಂಗ್ಯಚಿತ್ರ ಬರೆಯುತ್ತಿದ್ದೆ, ಇಲ್ಲವೇ ಬಣ್ಣ ತಿಳಿಗೊಳಿಸುತ್ತಿದ್ದೆ. ಕಂದು ಬಣ್ಣಕ್ಕೆ ಕಪ್ಪು ಬೆರೆಸಿ ನೆರಳು ಮಾಡುತ್ತಿದ್ದೆ, ಬಿಳಿ ಬೆರೆಸಿ ಬೆಳಕು ಮಾಡುತ್ತಿದ್ದೆ. ಚರ್ಮ ಬೂದಿ ಬಳಿದಂತೆ ಸತ್ತು ಹೋಗುತ್ತಿತ್ತು. ಕಪ್ಪು ಛಾಯಾಗ್ರಾಹಕರು ಮಾರುವ ಭಾವಚಿತ್ರಗಳ ಸಂಗ್ರಹಗಳನ್ನು ಹಣ ಕೊಟ್ಟು ಕೊಂಡು ಒಂದು ವರ್ಷ ಬೇರೇನೂ ಬರೆಯದೆ ಅಭ್ಯಾಸ ಮಾಡಿದೆ. ಗಾಢ ಚರ್ಮದ ನೆರಳಿನಲ್ಲಿ ಕಪ್ಪಿಗಿಂತ ಹೆಚ್ಚಾಗಿ ನೇರಳೆಯೂ ರಕ್ತಗೆಂಪೂ ಇರುತ್ತವೆ. ಹೊಳಪಿನ ಜಾಗದಲ್ಲಿ ಆಕಾಶದ ನೀಲಿ ಕುಳಿತಿರುತ್ತದೆ, ಕಿಟಕಿ ಪಕ್ಕದಲ್ಲಿದ್ದರೆ ಕಿಟಕಿಯ ಬಣ್ಣ ಕುಳಿತಿರುತ್ತದೆ. ಸುತ್ತಲಿನ ಬೆಳಕನ್ನು ಅಂಥ ಚರ್ಮ ಹಿಡಿದು ಕೊಡುವಷ್ಟು ನಿಖರವಾಗಿ ತಿಳಿ ಚರ್ಮ ಕೊಡುವುದಿಲ್ಲ. ಕೂದಲನ್ನು ಗೀಚಿ ತುಂಬುವುದನ್ನು ಬಿಟ್ಟು, ಸುರುಳಿಗಳ ಗೊಂಚಲು ಹಣೆಯಂಚಿನಲ್ಲಿ ಎಲ್ಲಿ ತೆಳುವಾಗುತ್ತದೆ, ಎಲ್ಲಿ ಬೆಳಕನ್ನು ನುಂಗುತ್ತದೆ ಎಂದು ನೋಡಲು ಕಲಿತೆ.

ಆ ದಿನಗಳಲ್ಲಿಯೇ ಬಿಜಾಪುರದ ಚಿತ್ರಗಳ ಮುದ್ರಿತ ಪ್ರತಿಗಳು ಕಣ್ಣಿಗೆ ಬಿದ್ದವು. ಮುಹಮ್ಮದ್ ಆದಿಲ್ ಶಾಹನ ಮಂತ್ರಿ ಇಖ್ಲಾಸ್ ಖಾನ್ ಹಬಶಿ, ಎಂದರೆ ಆಫ್ರಿಕ ಮೂಲದವನು. ಸುಲ್ತಾನನೊಡನೆ ಆನೆಯ ಮೇಲೆ ಕುಳಿತ ಅವನ ಚಿತ್ರದಲ್ಲಿ ಮುಖವನ್ನು ಗಾಢ ಬಣ್ಣದಲ್ಲಿಯೇ, ಗಡ್ಡದ ಎಳೆಯೂ ಬೇರೆಯಾಗಿ ಕಾಣುವಂತೆ, ಸುಲ್ತಾನನ ಮುಖಕ್ಕೆ ಕೊಟ್ಟಷ್ಟೇ ಲಕ್ಷ್ಯ ಕೊಟ್ಟು ಬರೆದಿದ್ದಾರೆ. ಹದಿನೇಳನೆಯ ಶತಮಾನದ ನಮ್ಮದೇ ನಾಡಿನ ಕುಂಚ ಅದು. ಅವನು ಅಧಿಕಾರದಲ್ಲಿದ್ದುದರಿಂದಲೇ ಆ ಲಕ್ಷ್ಯ ದಕ್ಕಿತು ಎಂದು ಬಸ್ರಾದ ಗೆಳೆಯರು ಹೇಳಿದರು. ಒಪ್ಪಿದೆ. ಆದರೂ, ಅಂಥ ಮುಖವನ್ನು ಬರೆಯುವ ಕ್ರಮವೇ ನಮ್ಮ ಕಡೆ ಇರಲಿಲ್ಲ ಎಂಬ ನೆವ ನನಗೆ ಉಳಿಯಲಿಲ್ಲ.

2023ರ ಏಪ್ರಿಲ್ 15ರಂದು ಖಾರ್ಟೂಮಿನಲ್ಲಿ ಯುದ್ಧ ಶುರುವಾಯಿತು. ಆ ಕಲಾವಿದೆ ಅಲ್ಲಿಯೇ ಇದ್ದರೆಂದು ಗೊತ್ತಿತ್ತು. ಸಂದೇಶ ಬರೆದೆ, ತಿದ್ದಿದೆ, ಮತ್ತೆ ಬರೆದೆ. ಕಳಿಸುವ ಮುನ್ನ ಮೊರಾಕೊದ ಗೆಳೆಯರಿಗೆ ತೋರಿಸಿದಾಗ, ‘ಬಾಂಬು ಬೀಳುತ್ತಿರುವಾಗ ನಿಮಗೆ ಉತ್ತರ ಕೊಡುವ ಭಾರವೂ ಅವರಿಗೆ ಬೇಕೆ?’ ಎಂದರು. ಕಳಿಸಲಿಲ್ಲ. ಸಂಚಿಕೆಯಿಂದ ಉಳಿದಿದ್ದ ಹಣವನ್ನು, ಯಾರದೆಂದು ಹೇಳದೆ, ಊರು ಬಿಟ್ಟ ಸುಡಾನಿ ಚಿತ್ರಗಾರರಿಗಾಗಿ ಅವರ ಗೆಳತಿಯರೇ ಸೇರಿಸುತ್ತಿದ್ದ ನಿಧಿಗೆ ಕೊಟ್ಟೆವು. ಅವರು ಕೈರೊ ತಲುಪಿದರೆಂದು ಜೂನ್‌ನಲ್ಲಿ ಬೇರೆಯವರಿಂದ ತಿಳಿಯಿತು. ನನ್ನೊಡನೆ ಅವರು ಇಂದಿಗೂ ಮಾತಾಡಿಲ್ಲ.

ಕವಿಗಳ ಸಂಚಿಕೆಯ ಎರಡನೆಯ ಮುದ್ರಣ 2024ರಲ್ಲಿ ಬಂತು. ಅಂತರನ ಪುಟವನ್ನು ಬಸ್ರಾದ ಗೆಳೆಯರು ಬರೆದರು. ಅದರಲ್ಲಿ ಕವಚವಿಲ್ಲ, ಕುದುರೆಯಿಲ್ಲ. ಹದಿನೈದರ ಹರೆಯದ ಕಪ್ಪು ಹುಡುಗ ಬೆಳಗಿನ ಬೆಳಕಿನಲ್ಲಿ ಒಂಟೆಯ ಹಾಲು ಕರೆಯುತ್ತಿದ್ದಾನೆ, ಅವನ ತಾಯಿ ಪಕ್ಕದಲ್ಲಿ ಪಾತ್ರೆ ಹಿಡಿದು ಕುಳಿತಿದ್ದಾಳೆ. ಅಕ್ಷರ ಜೋಡಿಸಿ ಪುಟ ಕಟ್ಟುವ ಕೆಲಸವನ್ನು ನನಗೆ ಕೊಟ್ಟಿದ್ದರು. ಅವರು ಮೂರು ಬಾರಿ ಹಿಂದೆ ಕಳಿಸಿದರು. ಮೊದಲ ಬಾರಿ ಪದ್ಯದ ಸಾಲು ತಾಯಿಯ ಕೈಯ ಮೇಲೆ ಹಾದುಹೋಗಿತ್ತು. ಎರಡನೆಯ ಬಾರಿ ಅವಳ ಹೆಸರು ಶದ್ದಾದನ ಹೆಸರಿನ ಕೆಳಗೆ ಇತ್ತು. ಮೂರನೆಯ ಬಾರಿ ಹೆಸರು ಮೇಲೆ ಬಂದಿತ್ತು, ಆದರೆ ಅಕ್ಷರ ಚಿಕ್ಕದಿತ್ತು. ನಾಲ್ಕನೆಯ ಸಲ ಝಬೀಬ ಎಂಬ ಹೆಸರನ್ನು ಮಗನ ಹೆಸರಿನಷ್ಟೇ ದೊಡ್ಡದು ಮಾಡಿ, ಅವನ ಪಕ್ಕಕ್ಕೆ ಇಟ್ಟು ಕಳಿಸಿದೆ. ಅದು ಮುದ್ರಣಕ್ಕೆ ಹೋಯಿತು.